ಯಾರೂ ಮುಟ್ಟದ ಕಟ್ಟಿಗೆ

"ಬುದ್ಧೀ, ಒಂದೇ ಬೆಂಕಿ. ಒಂದು ಕಟ್ಟಿಗೆ ತಾಗಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತದೆ. ಇನ್ನೊಂದು ಎಷ್ಟು ಊದಿದರೂ ಹತ್ತುವುದಿಲ್ಲ. ಯಾಕೆ?"

ಕೇಳಿದವನು ಪಂಪಯ್ಯ ಎಂಬ ಶಿಷ್ಯ. ಕೇಳುವ ಮೊದಲು ಅವನು ಗುರುಗಳ ಕೋಣೆಯ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದ್ದ. ಆ ಬಾಗಿಲು ಮುಚ್ಚಿದ್ದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ. ಚಿಲಕಕ್ಕೆ ತುಕ್ಕು ಹಿಡಿದಿತ್ತು. ಅದನ್ನು ಎಳೆಯಲು ಪಂಪಯ್ಯ ಎರಡೂ ಕೈ ಹಾಕಬೇಕಾಯಿತು. ಗುರುಗಳು ನೋಡುತ್ತಿದ್ದರು.

"ಒಣಗಿದ್ದು ಹತ್ತುತ್ತದೆ, ಹಸಿಯಾದದ್ದು ಹತ್ತುವುದಿಲ್ಲ," ಎಂದರು ಗುರುಗಳು. "ಹಸಿ ಕಟ್ಟಿಗೆಯೊಳಗೆ ನೀರಿರುತ್ತದೆ. ಬೆಂಕಿ ಮೊದಲು ಆ ನೀರನ್ನು ಕಾಯಿಸಿ ಓಡಿಸಬೇಕು. ಅಷ್ಟರಲ್ಲೇ ಅದಕ್ಕೆ ಸಾಕುಸಾಕಾಗಿ ಹೋಗುತ್ತದೆ. ಅಡುಗೆಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರಲ್ಲಪ್ಪಾ. ಇಷ್ಟಕ್ಕೆ ನನ್ನ ಹತ್ತಿರ ಬರಬೇಕಿತ್ತೇ?"

"ಎರಡೂ ಒಂದೇ ಮರದವು ಬುದ್ಧೀ. ಒಂದೇ ದಿನ ಕಡಿದದ್ದು."

ಗುರುಗಳು ಅವನ ಮುಖ ನೋಡಿದರು.

ಪಂಪಯ್ಯನ ಮನಸ್ಸಿನಲ್ಲಿದ್ದದ್ದು ಕಟ್ಟಿಗೆಯಲ್ಲ. ಅವನೂ ಕೊಟ್ರಯ್ಯನೂ ಒಟ್ಟಿಗೆ ಮಠಕ್ಕೆ ಬಂದವರು, ಒಟ್ಟಿಗೆ ಕೂತು ಪಾಠ ಕೇಳಿದವರು. ಕೊಟ್ರಯ್ಯ ಊರವರ ಮುಂದೆ ನಾಲ್ಕು ಮಾತಾಡಿದರೆ ಮುದುಕರ ಕಣ್ಣು ತುಂಬುತ್ತದೆ. ಅವೇ ಮಾತನ್ನು ಒಂದಕ್ಷರ ಬಿಡದೆ ಪಂಪಯ್ಯ ಆಡಿದರೆ ಜನ ಆಕಳಿಸುತ್ತಾರೆ. ಪಾಠ ಒಂದೇ ಆದರೆ ಹೀಗೇಕಾಗಬೇಕು? ಪಂಪಯ್ಯ ಇದನ್ನು ಬಹಳ ದಿನ ತೂಗಿ ನೋಡಿದ್ದ. ಕೊಟ್ರಯ್ಯ ಗುರುಗಳ ಕಾಲೊತ್ತಲು ಹೋಗುತ್ತಾನೆ. ಹೋದವನು ಬೇಗ ಬರುವುದಿಲ್ಲ. ಅಲ್ಲೇ ಏನೋ ನಡೆಯುತ್ತಿದೆ. ಎಲ್ಲರಿಗೂ ಮಜ್ಜಿಗೆ ಬಡಿಸಿ ಅವನೊಬ್ಬನಿಗೆ ಬೆಣ್ಣೆ ಎತ್ತಿಡುತ್ತಿದ್ದಾರೆ.

ಇವತ್ತು ಅವನು ಬಟ್ಟೆಗಂಟು ಕಟ್ಟಿಟ್ಟೇ ಬಂದಿದ್ದ. ಗುರುಗಳು ಒಪ್ಪಿಕೊಂಡು ತನಗೂ ಆ ಗುಟ್ಟಿನ ಪಾಠ ಹೇಳಿದರೆ ಮಠದಲ್ಲೇ ಇರುವುದು. ತಪ್ಪಿಸಿಕೊಂಡು ಮಾತಾಡಿದರೆ ಈಗಲೇ ಹೊರಡುವುದು. ಹೋಗುವ ಮೊದಲು ಅಂಗಳದಲ್ಲಿ ನಿಂತು ಗುರುಗಳ ಪಕ್ಷಪಾತವನ್ನು ಎಲ್ಲರ ಕಿವಿಗೂ ಹಾಕಿಯೇ ಹೋಗುವುದು.

"ಒಂದೇ ಮರದವು ಅಂದೆಯಲ್ಲ," ಎಂದರು ಗುರುಗಳು. "ಹಾಗಾದರೆ ಕೂತುಕೋ. ಹೊರಗೆ ಸೋನೆ ಹಿಡಿದಿದೆ. ಎಲ್ಲಿಗೂ ಹೋಗುವ ಹಾಗಿಲ್ಲ."

ಎಲ್ಲಿಗೂ ಹೋಗುವ ಹಾಗಿಲ್ಲ ಎಂದರೇನು? ಗಂಟು ಕಟ್ಟಿದ್ದು ಇವರಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು? ಪಂಪಯ್ಯ ಗೋಡೆಗೆ ಬೆನ್ನು ಕೊಟ್ಟು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ.

"ಯಾವ ಊರು ಬುದ್ಧೀ?"

"ಹೆಸರು ಹೇಳಿದರೆ ನೀನು ಹೋಗಿ ವಿಚಾರಿಸಿಕೊಂಡು ಬರುವವನು. ಸುಮ್ಮನೆ ಕೇಳು."

ಗೃಹಸ್ಥ ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಇನ್ನೊಬ್ಬರ ತಂಟೆಗೆ ಹೋದವನಲ್ಲ. ಬೆಳಗಾದರೆ ಹೊಲ, ಬೈಗಾದರೆ ಮನೆ. ಅವನಿಗಿದ್ದದ್ದು ಒಂದೇ ರೋಗ. ಯಾರನ್ನೂ ನಂಬುತ್ತಿರಲಿಲ್ಲ. ದಾರಿಹೋಕನೊಬ್ಬ ಅವನ ಮನೆ ಮುಂದೆ ನಿಂತು ಕಾಲಿನ ಮುಳ್ಳು ಕಿತ್ತುಕೊಂಡರೆ, ಇವನು ನನ್ನ ಬಾಗಿಲಿನ ಬೀಗ ನೋಡುತ್ತಿದ್ದಾನೆ ಎನ್ನುವನು. ಎದುರು ಸಿಕ್ಕವರು ಊಟ ಆಯ್ತೇ ಎಂದರೆ, ನನ್ನ ಊಟದ ಗೊಡವೆ ಇವರಿಗೇಕೆ ಎಂದು ಮನೆ ಮುಟ್ಟುವವರೆಗೂ ಯೋಚಿಸುವನು. ಕೇಳದೆ ಹೋದರೆ ಇನ್ನೂ ಕಷ್ಟ. ದಿನವೂ ಕೇಳುವವರು ಇವತ್ತು ಯಾಕೆ ಕೇಳಲಿಲ್ಲ ಎಂದು ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಅವಳನ್ನು ದೂರದ ಊರಿಗೆ ಕೊಟ್ಟಿತ್ತು. ಮಗಳೆಂದರೆ ಅವನಿಗೆ ಪ್ರಾಣ. ಲೋಕದಲ್ಲಿ ಅವನು ನಂಬಿದ್ದು ಯಾರನ್ನಾದರೂ ಇದ್ದರೆ ಅವಳೊಬ್ಬಳನ್ನೇ.

ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಒಂಟಿ ಜೀವ. ಊರಿನ ಹೆರಿಗೆಗಳನ್ನೆಲ್ಲ ಮಾಡಿಸುವವಳು. ಗೃಹಸ್ಥನನ್ನು ಅಣ್ಣಾ ಎಂದು ಕರೆಯುತ್ತಿದ್ದಳು. ಅದೂ ಅವನಿಗೆ ಸರಿಬರಲಿಲ್ಲ. ಒಡಹುಟ್ಟಿದವಳಲ್ಲ, ನೆಂಟಳಲ್ಲ. ಇವತ್ತು ಅಣ್ಣಾ ಎಂದವಳು ನಾಳೆ ತವರಿನ ಪಾಲು ಕೇಳುವುದಿಲ್ಲವೆಂದು ಏನು ಖಾತ್ರಿ?

ಎರಡೂ ಹಿತ್ತಲಿನ ನಡುವೆ ಒಂದು ಹಳೆಯ ಜಾಲಿ ಮರವಿತ್ತು. ಬೇಸಿಗೆಯ ಬಿರುಗಾಳಿಗೆ ಅದು ಬುಡಮೇಲಾಯಿತು. ಇಬ್ಬರೂ ಕಡಿಸಿ ಸರಿಪಾಲು ಮಾಡಿಕೊಂಡರು. ಒಂದೇ ಮರ, ಒಂದೇ ಕೊಡಲಿ, ಒಂದೇ ದಿನ. ಇದನ್ನು ನೆನಪಿಟ್ಟುಕೋ ಪಂಪಯ್ಯ.

ಆಕೆ ತನ್ನ ಪಾಲಿನ ಕಟ್ಟಿಗೆಯನ್ನು ಹಿತ್ತಲಿನಲ್ಲೇ ಒಟ್ಟಿದಳು. ಗಾಳಿಯಾಡಲೆಂದು ನಡುನಡುವೆ ಸಂದು ಬಿಟ್ಟಳು. ಬಿಸಿಲು ಬಿತ್ತು. ಆಡುಗಳು ಬಂದು ಮೈ ತಿಕ್ಕಿಕೊಂಡವು. ಹೋಗಿಬರುವವರು ಒಂದೊಂದು ಸೀಳು ಮುರಿದುಕೊಂಡರು. ಮಕ್ಕಳು ಚಿಣ್ಣಿದಾಂಡಿಗೆ ಕೊಂಬೆ ಎಳೆದುಕೊಂಡು ಓಡಿದರು. ಆಕೆ ಬಾಯಿ ತುಂಬ ಬೈದಳು, ಆಮೇಲೆ ಮರೆತಳು. ಮಳೆಗಾಲ ಹತ್ತಿರವಾದಾಗ ಉಳಿದದ್ದನ್ನು ಸೂರಿನ ಕೆಳಗೆ ಎಳೆದುಕೊಂಡಳು.

ಗೃಹಸ್ಥ ಇದನ್ನೆಲ್ಲ ಮೊದಲ ದಿನದಿಂದ ನೋಡುತ್ತಿದ್ದ. ಅವಳದ್ದನ್ನು ಮುರಿದವರು ನನ್ನದನ್ನು ಬಿಡುತ್ತಾರೆಯೇ? ಹಸಿ ಕಟ್ಟಿಗೆಯನ್ನು ಹಾಗೆ ಹಾಗೇ ಹೊತ್ತು ತಂದು ಮನೆಯೊಳಗಿನ ಕತ್ತಲೆ ಕೋಣೆಗೆ ತುಂಬಿದ. ತುಂಬುವ ಮುಂಚೆ ಪ್ರತಿಯೊಂದಕ್ಕೂ ಕುಡುಗೋಲಿನಿಂದ ಒಂದು ಗೀರು ಹಾಕಿ ಗುರುತು ಮಾಡಿದ. ಬೀಗ ಜಡಿದ. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಷ್ಟಾದರೂ ಸಮಾಧಾನವಿಲ್ಲ. ಆ ಕೋಣೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯಿತ್ತು, ಬೆಕ್ಕು ತೂರುವಷ್ಟು. ಯಾರಾದರೂ ಮಾಳಿಗೆ ಹತ್ತಿ, ಅಲ್ಲಿಂದ ಕೊಕ್ಕೆ ಇಳಿಬಿಟ್ಟು ಒಂದೊಂದೇ ಎಳೆದುಕೊಂಡರೆ? ತಾನೇ ಮಾಳಿಗೆ ಹತ್ತಿ, ಬೆಳಕಿಂಡಿಯ ಮೇಲೆ ಚಪ್ಪಡಿ ಹೇರಿ, ಸುತ್ತ ಮಣ್ಣು ಮೆತ್ತಿ ಇಳಿದ.

ಕೆಲವು ದಿನ ಬಿಟ್ಟು ಬಾಗಿಲು ತೆಗೆದು ನೋಡಿದ. ಕಟ್ಟಿಗೆ ಇತ್ತು. ಆದರೆ ಬೂಸು ಹಿಡಿದಿತ್ತು. ಮುಟ್ಟಿದರೆ ಕೈಗೆ ತೇವ. ಗಾಳಿಯಿಲ್ಲ, ಬಿಸಿಲಿಲ್ಲ, ಹಸಿ ಮರ ತನ್ನ ನೀರಿನಲ್ಲೇ ಕೂತಿದೆ ಎಂದು ಯಾರಿಗಾದರೂ ತಿಳಿಯಬೇಕು. ಅವನಿಗೆ ತಿಳಿಯಲಿಲ್ಲ. ಕದಿಯಲು ಆಗದವರು ಹೊಟ್ಟೆಕಿಚ್ಚಿಗೆ ಬಾಗಿಲ ಸಂದಿಯಿಂದ ನೀರು ಹಾಯಿಸಿದ್ದಾರೆ ಎಂದುಕೊಂಡ. ಆ ಸಂದಿಗೂ ಸಗಣಿಮಣ್ಣು ಮೆತ್ತಿದ.

ಇಷ್ಟು ಹೇಳಿ ಗುರುಗಳು ಪಂಪಯ್ಯನನ್ನು ನೋಡಿದರು. ಅವನು ನಗಲಿಲ್ಲ.

"ಹಾಯಿಸಿರಲೂಬಹುದಲ್ಲ ಬುದ್ಧೀ," ಎಂದ. "ಅಂಥ ಜನ ಎಲ್ಲ ಊರಿನಲ್ಲೂ ಇರುತ್ತಾರೆ."

"ಇರುತ್ತಾರೆ, ಇರುತ್ತಾರೆ," ಎಂದರು ಗುರುಗಳು. "ಮುಂದೆ ಕೇಳು."

ಮಗಳು ಚೊಚ್ಚಲು ಬಸುರಿ. ಹೆರಿಗೆಗೆ ತವರಿಗೆ ಬಂದಳು. ಅವಳು ಬಂದ ಬೆನ್ನಿಗೇ ಮಳೆಯೂ ಹಿಡಿಯಿತು. ತಾಯಿಯಿಲ್ಲದ ಮನೆ, ಗಂಡಸೊಬ್ಬ ಏನು ಮಾಡಿಯಾನು? ಬೇರೆ ದಾರಿಯಿಲ್ಲದೆ ಪಕ್ಕದ ಮನೆಯಾಕೆಯನ್ನು ಕರೆದ. ಆಕೆ ಬಂದು ಮಗಳ ಸೊಂಟ ಹಿಡಿದು ಕೂತಳು. ಗಂಡು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು.

ಆಕೆ ಹೊರಟಾಗ ಕಂಕುಳಲ್ಲಿ ಒಂದು ಗಂಟಿತ್ತು. ಗೃಹಸ್ಥ ಬಾಗಿಲಿಗೆ ಅಡ್ಡ ನಿಂತ.

"ಅದರಲ್ಲಿ ಏನಿದೆ? ಬಿಚ್ಚು."

ಆಕೆ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಜಗಲಿಯ ಮೇಲಿಟ್ಟು ಬಿಚ್ಚಿದಳು. ಅವನ ಮಗಳ ಹೆರಿಗೆಯ ಮೈಲಿಗೆ ಬಟ್ಟೆ. ಒಗೆಯಲು ಒಯ್ಯುತ್ತಿದ್ದಳು. ತಂದೆಯಾದವನು ನೋಡಬಾರದ ಬಟ್ಟೆ. ಆಕೆ ಮತ್ತೆ ಗಂಟು ಕಟ್ಟಿಕೊಂಡು ಮಳೆಯಲ್ಲೇ ಹಳ್ಳದ ಕಡೆ ಹೋದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು. ಆದರೆ ಆ ನಾಚಿಕೆ ಬೈಗಿನವರೆಗೂ ಬಾಳಲಿಲ್ಲ. ಕೇಳಿದ ಕೂಡಲೇ ಬಿಚ್ಚಿ ತೋರಿಸಿದಳಲ್ಲ, ಅದು ಹೇಗೆ? ಕೇಳುತ್ತೇನೆಂದು ಮೊದಲೇ ಗೊತ್ತಿತ್ತು. ಒಯ್ಯುವುದನ್ನು ಬೇರೆ ದಾರಿಯಲ್ಲಿ ಒಯ್ದಿದ್ದಾಳೆ.

"ಆ ಹೆಂಗಸಿನದ್ದೂ ಏನೋ ಇರಬೇಕು ಬುದ್ಧೀ," ಎಂದ ಪಂಪಯ್ಯ. "ಕಾರಣವಿಲ್ಲದೆ ಅಷ್ಟು ಒಳ್ಳೆಯವರು ಯಾರಿರುತ್ತಾರೆ?"

"ಅವನೂ ಹಾಗೇ ಅಂದ," ಎಂದರು ಗುರುಗಳು.

ಸೋನೆ ಬಿಡಲಿಲ್ಲ. ಬಾಣಂತಿಯಿರುವ ಮನೆ. ಹಂಡೆ ತುಂಬ ಬಿಸಿನೀರು ಬೇಕು, ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕಾವು ಬೇಕು. ಇದ್ದ ಬೆರಣಿ ತೀರಿತು, ಹತ್ತಿಕಟ್ಟಿಗೆ ತೀರಿತು. ಒಂದು ಬೆಳಗ್ಗೆ ನೋಡಿದರೆ ಒಲೆಯಲ್ಲಿ ಬರೀ ಬೂದಿ. ಗೃಹಸ್ಥ ಕತ್ತಲೆ ಕೋಣೆಯ ಬೀಗ ತೆಗೆದು ಒಂದು ಹೊರೆ ಕಟ್ಟಿಗೆ ತಂದ. ಬಾಗಿಲಿಗೆ ಮತ್ತೆ ಬೀಗ ಹಾಕಿ, ಸಂದಿಗೆ ಮತ್ತೆ ಮಣ್ಣು ಮೆತ್ತಿದ. ಆಮೇಲೆ ಬೆಂಕಿಗೆ ಹೋದ. ಬೆಂಕಿಪೊಟ್ಟಣ ಮನೆಮನೆಗೆ ಬಾರದಿದ್ದ ಕಾಲ. ಒಬ್ಬರ ಒಲೆ ಆರಿದರೆ ಇನ್ನೊಬ್ಬರ ಒಲೆಯಿಂದ ಕೆಂಡ ತರುವುದೇ ಪದ್ಧತಿ.

ಪಕ್ಕದ ಮನೆಯಾಕೆ ಓಡಿನ ಚೂರಿನಲ್ಲಿ ಕೆಂಡ ಹಾಕಿ ಕೊಟ್ಟಳು. ಅವನು ತಂದು ತನ್ನ ಕಟ್ಟಿಗೆಯ ಕೆಳಗಿಟ್ಟು ಊದಿದ. ಕಟ್ಟಿಗೆ ಸುಂಯ್ ಎಂದಿತು. ತುದಿಯಲ್ಲಿ ನೊರೆ ಬಂತು. ಹೊಗೆ ಮನೆಯೆಲ್ಲ ತುಂಬಿ ಕೂಸು ಕೆಮ್ಮತೊಡಗಿತು. ಕೆಂಡ ಕಪ್ಪಾಯಿತು.

ಮತ್ತೆ ಹೋದ. ಮತ್ತೆ ಕೊಟ್ಟಳು. ಮತ್ತೆ ಹಾಗೇ ಆಯಿತು. ಆಗ ಅವನು ಹಿತ್ತಲ ಗೋಡೆಯ ಬಿರುಕಿನಿಂದ ಬಗ್ಗಿ ನೋಡಿದ. ಆಕೆಯ ಒಲೆ ಧಗಧಗ ಉರಿಯುತ್ತಿತ್ತು. ಅದೇ ಒಲೆ, ಅದೇ ಕೆಂಡ. ಅಲ್ಲಿ ಹತ್ತಿದ್ದು ಇಲ್ಲಿ ಯಾಕೆ ಹತ್ತುವುದಿಲ್ಲ? ಸರಿಯಾದ ಕೆಂಡ ತನಗಿಟ್ಟುಕೊಂಡು ಸತ್ತ ಕೆಂಡ ನನಗೆ ಹಾಕುತ್ತಿದ್ದಾಳೆ.

ಈ ಸಲ ಹೋದವನು, "ನಾನೇ ಆರಿಸಿಕೊಳ್ಳುತ್ತೇನೆ," ಎಂದ.

ಆಕೆ ಇಕ್ಕಳ ಕೈಗಿತ್ತಳು. "ಆರಿಸಿಕೋ ಅಣ್ಣಾ. ಬೇಕಾದರೆ ಒಲೆಯನ್ನೇ ಹೊತ್ತುಕೊಂಡು ಹೋಗು," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ನಿನ್ನ ಕಟ್ಟಿಗೆ ಹಸಿಯಿರಬೇಕು ನೋಡು," ಎಂದಳು.

ಗೃಹಸ್ಥನ ಕೈ ಅಲ್ಲೇ ನಿಂತಿತು. ನನ್ನ ಕಟ್ಟಿಗೆ ಬೀಗದೊಳಗಿದೆ. ಅದು ಹಸಿಯಿದೆಯೋ ಒಣಗಿದೆಯೋ ಇವಳಿಗೆ ಹೇಗೆ ಗೊತ್ತು? ನೀರು ಹಾಯಿಸಿದವರಿಗಲ್ಲದೆ ಇನ್ನು ಯಾರಿಗೆ ಗೊತ್ತಿರಲು ಸಾಧ್ಯ? ಕೆಂಪಗೆ ಕಾದ ಕೆಂಡಗಳನ್ನೇ ಆರಿಸಿ ಒಯ್ದ. ಅವೂ ಆರಿದವು.

ಹೀಗೆ ಹೊತ್ತು ಇಳಿಯಿತು. ಕೂಸಿಗೆ ನೀರು ಎರೆದಿರಲಿಲ್ಲ. ಮಗಳು ತನ್ನ ಸೀರೆಯನ್ನೆಲ್ಲ ಅದಕ್ಕೆ ಸುತ್ತಿ ಎದೆಗೊತ್ತಿಕೊಂಡು ಕೂತಿದ್ದಳು.

"ಅಪ್ಪಾ, ಕೂಸಿನ ಕಾಲು ತಣ್ಣಗಾಗಿವೆ. ಅಳುವುದನ್ನೂ ಬಿಟ್ಟಿದೆ. ಅತ್ತೆಯನ್ನು ಕರಿ."

ಪಕ್ಕದ ಮನೆಯಾಕೆಯನ್ನು ಅವಳು ಅತ್ತೆ ಎನ್ನುತ್ತಿದ್ದಳು. ಅಪ್ಪನಿಗೆ ಅದು ಕೇಳಿಸಿತು, ಸೇರಲಿಲ್ಲ. ಆದರೆ ಕೂಸಿನ ಪಾದ ಮುಟ್ಟಿ ನೋಡಿದವನೇ ಓಡು ಹಿಡಿದು ಓಡಿದ.

ಅಷ್ಟರಲ್ಲಿ ಮನೆಗಳಲ್ಲಿ ದೀಪ ಹಚ್ಚಿದ್ದರು. ದೀಪ ಹಚ್ಚಿದ ಮೇಲೆ ಆ ಕಡೆ ಯಾರೂ ಮನೆಯ ಬೆಂಕಿಯನ್ನು ಹೊರಗೆ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಎನ್ನುತ್ತಾರೆ. ತಾಯಿ ಕೇಳಿದರೂ ಮಗಳು ಕೊಡುವುದಿಲ್ಲ. ಆಕೆ ಓಡು ನೋಡಿದಳು, ದೀಪ ನೋಡಿದಳು. ದೀಪಕ್ಕೆ ಕೈಮುಗಿದು, "ಕೂಸಿಗಾಗಿ ತಾಯೀ," ಎಂದು ಅವನ ಓಡು ತುಂಬ ಕೆಂಡ ಸುರಿದಳು.

ಅವನು ತನ್ನ ಅಂಗಳದವರೆಗೆ ಬಂದ. ಅಲ್ಲಿ ಅವನ ಕಾಲು ನಿಂತಿತು. ದೀಪ ಹಚ್ಚಿದ ಮೇಲೆ ಕೊಟ್ಟಳು. ಯಾರೂ ಕೊಡುವುದಿಲ್ಲ, ಇವಳು ಕೊಟ್ಟಳು. ತನ್ನ ಮನೆಯ ಲಕ್ಷ್ಮಿಯನ್ನು ಸುಮ್ಮನೆ ಯಾರಾದರೂ ಕಳೆದುಕೊಳ್ಳುತ್ತಾರೆಯೇ? ಅವಳು ಕಳೆಯುತ್ತಿರುವುದು ಲಕ್ಷ್ಮಿಯನ್ನಲ್ಲ, ಬೇರೆ ಏನನ್ನೋ. ಕೈಮುಗಿದು ಏನೋ ಮಣಮಣ ಅಂದಳಲ್ಲ! ತನ್ನ ಮನೆಯ ಕೇಡನ್ನು ಓಡಿನಲ್ಲಿ ತುಂಬಿ ಹಸುಗೂಸಿರುವ ಮನೆಗೆ ಕಳಿಸುತ್ತಿದ್ದಾಳೆ.

ಓಡನ್ನು ಬಚ್ಚಲ ನೀರಿಗೆ ಬೋರಲು ಹಾಕಿಬಿ‌ಟ್ಟ. ಕೆಂಡ ಚುರ್ರೆಂದಿತು.

ಒಳಗಿನಿಂದ ಮಗಳು, "ಅದೇನಪ್ಪಾ ಸದ್ದು?" ಎಂದಳು.

"ಏನಿಲ್ಲ. ಆರಿಹೋಯಿತು," ಎಂದ.

ಪಕ್ಕದ ಮನೆಯಾಕೆ ತನ್ನ ಬಾಗಿಲಿನಲ್ಲೇ ನಿಂತು ಇದನ್ನು ಕಂಡಳು. ಕಂಡವಳಿಗೆ ಸಿಟ್ಟು ಬಂತು. ಯಾರಿಗೆ ಬರುವುದಿಲ್ಲ ಹೇಳು? ಒಂದು ಕ್ಷಣ ಬಾಗಿಲು ಹಾಕಿಕೊಂಡುಬಿಡೋಣ ಅನ್ನಿಸಿತು. ಆದರೆ ಕೂಸು ಸಿಟ್ಟು ಇಳಿಯುವವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ತಲೆಗೆ ಗೋಣಿಚೀಲ ಹಾಕಿಕೊಂಡು, ಸೂರಿನ ಕೆಳಗಿನ ಒಣಕಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿ, ಒಂದು ತೆಕ್ಕೆ ಹೊತ್ತು ಅವನ ಹೊಸಿಲಿಗೆ ಬಂದಳು.

"ಅಲ್ಲೇ ನಿಲ್ಲು," ಎಂದ ಗೃಹಸ್ಥ. ಕಟ್ಟಿಗೆ ನೋಡಿದ. ಹಗುರ, ತೊಗಟೆ ಬಿಟ್ಟಿದೆ, ಒಂದಕ್ಕೊಂದು ತಾಗಿದರೆ ಟಣ್ ಅನ್ನುತ್ತದೆ. "ಇದು ಎಲ್ಲಿಯದು?"

"ನಮ್ಮ ಹಿತ್ತಲಿನ ಜಾಲಿಯದೇ ಅಣ್ಣಾ. ನಿನ್ನದೂ ಇದೇ ಮರವಲ್ಲವೇ?"

ಅವನಿಗೆ ಎಲ್ಲವೂ ಹೊಳೆಯಿತು. ಇದೇ ಮರ, ಇದೇ ದಿನ ಕಡಿದದ್ದು, ಆದರೆ ಇದು ಒಣಗಿದೆ, ನನ್ನದು ಹಸಿಯಾಗಿದೆ. ಹೇಗೆ ಸಾಧ್ಯ? ಅದಲುಬದಲು ಮಾಡಿದ್ದಾಳೆ! ಒಣಗಿದ್ದು ನನ್ನದು. ನನ್ನ ಕೋಣೆಯಲ್ಲಿರುವುದು ಇವಳದ್ದು. ಆಕೆಯನ್ನು ಹೊಸಿಲಿನಾಚೆ ಮಳೆಯಲ್ಲೇ ನಿಲ್ಲಿಸಿ ಅವನು ಒಳಗೆ ಓಡಿದ. ಸಂದಿಯ ಮಣ್ಣು ಕಿತ್ತ, ಉಡಿದಾರದ ಕೀಲಿ ಬಿಚ್ಚಿದ, ಬೀಗ ತೆಗೆದ. ಕತ್ತಲೆಯಲ್ಲಿ ಮಂಡಿಯೂರಿ ಕೂತು ಒಂದೊಂದು ಕಟ್ಟಿಗೆಯನ್ನೂ ಎತ್ತಿ, ತಾನು ಹಾಕಿದ ಗೀರು ಇದೆಯೇ ಎಂದು ಬೆರಳಿನಿಂದ ತಡವಿ ನೋಡತೊಡಗಿದ. ಮೇಲಿನವು ತನ್ನವು. ಕೆಳಗಿನವನ್ನು ಬದಲಿಸಿರಬಹುದು. ಅವನ್ನೂ ಎಳೆದ. ಅವೂ ತನ್ನವೇ. ಮೂಲೆಯವನ್ನು ಎಳೆದ. ಅವಕ್ಕೂ ಗೀರಿತ್ತು.

ಎಲ್ಲ ತನ್ನದೇ. ಒಂದು ತುಂಡೂ ಹೋಗಿಲ್ಲ. ಅವನಿಗೆ ಸಮಾಧಾನವಾಯಿತು. ಅಷ್ಟು ಸಮಾಧಾನ ಅವನಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಬೀಗ ಹಾಕಿ, ಕೀಲಿ ಕಟ್ಟಿಕೊಂಡು ಹೊರಗೆ ಬಂದ.

ಹೊಸಿಲಿನಲ್ಲಿ ಆಕೆಯಿರಲಿಲ್ಲ. ಕೋಣೆಯಲ್ಲಿ ಮಗಳಿರಲಿಲ್ಲ. ತೊಟ್ಟಿಲು ಬರಿದಾಗಿತ್ತು. ಬೀದಿ ಬಾಗಿಲು ಹಾರುಹೊಡೆದಿತ್ತು.

ಶುದ್ಧಿಯಾಗದ ಬಾಣಂತಿ ಮನೆಯ ಹೊಸಿಲು ದಾಟಬಾರದು. ದಾಟಿದರೆ ತವರಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಅವನ ಮಗಳು ದಾಟಿದ್ದಳು. ಆದರೆ ಅವನಿಗೆ ಮೊದಲು ಬಂದ ಯೋಚನೆ ಅದಲ್ಲ. ಕಟ್ಟಿಗೆಯ ನೆಪ ಮಾಡಿ ನನ್ನನ್ನು ಒಳಗೆ ಕಳಿಸಿ ಮಗಳನ್ನೇ ಕದ್ದಳು ಎಂದುಕೊಂಡ. ಬೊಬ್ಬೆ ಹಾಕುತ್ತ ಮಳೆಗೆ ಇಳಿದ.

ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಲೆ ಉರಿಯುತ್ತಿತ್ತು. ಅದರ ಮುಂದೆ ಆಕೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಅಂಗೈ ಕಾಯಿಸಿ ಅದರ ಪಾದಕ್ಕೆ ಒತ್ತುತ್ತಿದ್ದಳು. ಕೂಸು ಸಣ್ಣಗೆ ಅಳಲು ಶುರುಮಾಡಿತ್ತು. ಪಕ್ಕದಲ್ಲಿ ಮಗಳು ಆ ಅಳು ಕೇಳುತ್ತ ತಾನೂ ಅಳುತ್ತಿದ್ದಳು.

ಆಕೆ ತಲೆಯೆತ್ತಿ ನೋಡಿದಳು. "ಬಾ ಅಣ್ಣಾ, ಮಳೆಯಲ್ಲಿ ಯಾಕೆ ನಿಂತೆ? ಬಂದು ಮೈ ಕಾಯಿಸಿಕೋ," ಎಂದಳು.

ಅವನು ಮಗಳ ಕಡೆ ತಿರುಗಿ, "ನಡಿ ಮನೆಗೆ," ಎಂದ.

ಮಗಳು ಏಳಲಿಲ್ಲ.

"ಅತ್ತೆಯ ಕಟ್ಟಿಗೆಯನ್ನು ಗಾಳಿ ಮುಟ್ಟಿತು, ಬಿಸಿಲು ಮುಟ್ಟಿತು, ದಾರಿಯಲ್ಲಿ ಹೋಗುವವರೂ ಮುಟ್ಟಿದರು," ಎಂದಳು. "ನಿನ್ನದನ್ನು ಯಾರೂ ಮುಟ್ಟದ ಹಾಗೆ ಇಟ್ಟೆಯಪ್ಪಾ. ಬೆಂಕಿಯೂ ಮುಟ್ಟಲಿಲ್ಲ."

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು. ಪಂಪಯ್ಯ ಗೋಡೆ ಬಿಟ್ಟು ಯಾವಾಗ ಮುಂದೆ ಸರಿದು ಕೂತಿದ್ದನೋ ಅವನಿಗೇ ತಿಳಿಯಲಿಲ್ಲ.

"ಕೂಸು ಉಳಿಯಿತೇ ಬುದ್ಧೀ?"

"ಉಳಿಯಿತು. ಬಾಣಂತನವೆಲ್ಲ ಆ ಮನೆಯಲ್ಲೇ ಆಯಿತು. ಮಗಳು ಅಲ್ಲಿಂದಲೇ ಗಂಡನ ಮನೆಗೆ ಹೋದಳು. ತವರಿನ ಹೊಸಿಲು ಮತ್ತೆ ತುಳಿಯಲಿಲ್ಲ."

"ಮತ್ತೆ ಅವನು? ಆಕೆ ಬಾ ಎಂದು ಕರೆದಳಲ್ಲ. ಒಳಗೆ ಹೋದನೇ?"

"ಎಲ್ಲಿ ಹೋದಾನಪ್ಪಾ? ಬಾಗಿಲು ಪೂರಾ ತೆರೆದಿತ್ತು. ಎದುರಿಗೆ ಮಗಳು, ಮೊಮ್ಮಗ, ಬೆಂಕಿ. ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಅವನು ಮಳೆಯಲ್ಲಿ ನಡುಗುತ್ತ ಅಲ್ಲೇ ನಿಂತು, ಇವಳು ಬಾಗಿಲನ್ನು ಇಷ್ಟು ಅಗಲ ಯಾಕೆ ತೆರೆದಿಟ್ಟಿದ್ದಾಳೆ ಎಂದು ಯೋಚಿಸುತ್ತಿದ್ದ."

ಪಂಪಯ್ಯ ತಲೆ ತಗ್ಗಿಸಿದ. ಮಳೆಯಲ್ಲಿ ನಿಂತ ಆ ಮನುಷ್ಯ ಪಾಪ ಅನ್ನಿಸಿತು. ಎದ್ದು ಗುರುಗಳ ಕಾಲಿಗೆ ಬೀಳಬೇಕು, ಗಂಟಿನ ವಿಷಯ ಹೇಳಿಬಿಡಬೇಕು ಅನ್ನಿಸಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಳೆಯ ಹುಳು ಮತ್ತೆ ಕೊರೆಯಿತು. ಕತೆ ಇಷ್ಟು ಸರಿಯಾಗಿ, ಎಲ್ಲೂ ತಡವರಿಸದೆ ಬಂತಲ್ಲ. ಇದು ಮೊದಲ ಸಲ ಹೇಳಿದ ಕತೆಯಲ್ಲ. ಯಾರಿಗೋ ಮೊದಲೇ ಹೇಳಿದ್ದಾರೆ.

"ಬುದ್ಧೀ," ಎಂದ, ನೆಲ ನೋಡುತ್ತ. "ಈ ಕತೆಯನ್ನು ಕೊಟ್ರಯ್ಯನಿಗೆ ಒಬ್ಬನನ್ನೇ ಕೂರಿಸಿಕೊಂಡು ಯಾವಾಗ ಹೇಳಿದಿರಿ?"

ಗುರುಗಳು ತುಕ್ಕು ಹಿಡಿದ ಚಿಲಕದ ಕಡೆ ನೋಡಿದರು.

"ಈ ಮಠದಲ್ಲಿ ಬಾಗಿಲು ಹಾಕಿಕೊಂಡು ನಾನು ಒಬ್ಬನಿಗೇ ಹೇಳಿದ ಪಾಠ ಇದೊಂದೇ ಪಂಪಯ್ಯ. ಚಿಲಕ ಹಾಕಿದವನು ನೀನು."